ಕಿವಿಗೆ ಬಿದ್ದದ್ದು ಕೈಗೆ ಬರುವುದು ಹೇಗೆ?

ಶಬ್ದದ ಪಾಠ ಬಂದಾಗ ನಾವೆಲ್ಲರೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಶ್ರುತಿ ಕವೆಯನ್ನು ರಬ್ಬರ್ ತುಂಡಿಗೆ ಬಡಿದು ಮಕ್ಕಳ ಕಿವಿ ಹತ್ತಿರ ಹಿಡಿಯುತ್ತೇವೆ, ನೀರಿಗೆ ತಾಗಿಸಿ ಹನಿ ಹಾರುವುದನ್ನು ತೋರಿಸುತ್ತೇವೆ, ಆವೃತ್ತಿ ಹೆಚ್ಚಿದರೆ ಸ್ವರ ಏರುತ್ತದೆ ಅಂತ ಬೋರ್ಡಿನ ಮೇಲೆ ಬರೆದು ಲೆಕ್ಕಕ್ಕೆ ಹೋಗಿಬಿಡುತ್ತೇವೆ. ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ, ಹಿಂದಿನ ರಾತ್ರಿ ಮಾರಿಯಮ್ಮನ ಹಬ್ಬದಲ್ಲಿ ಚಿಕ್ಕಪ್ಪನ ಜೊತೆ ಪಂಬೆ ಬಾರಿಸಿ ಬಂದ ಹುಡುಗ ತೂಕಡಿಸುತ್ತಾ ಕೂತಿರುತ್ತಾನೆ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಪಾಠ ಮಾಡುವವರಿಗೆ ಇಂಥ ಹುಡುಗರು ಹೊಸಬರಲ್ಲ. ಪಂಬೆ, ತವಿಲ್, ನಾದಸ್ವರ, ತೆರುಕ್ಕೂತ್ತಿನ ಹಾರ್ಮೋನಿಯಂ, ಮುಖವೀಣೆ, ಇವುಗಳಲ್ಲಿ ಒಂದಲ್ಲ ಒಂದು ಅವರ ಮನೆಯಲ್ಲಿ ಗೋಡೆಗೆ ನೇತಾಡುತ್ತಿರುತ್ತದೆ. "ಯಾರೋ ಹೇಳಿಕೊಟ್ಟದ್ದು ನಿನಗೆ?" ಅಂತ ಕೇಳಿದರೆ ಬರುವ ಉತ್ತರ: "ಯಾರೂ ಇಲ್ಲ ಸಾರ್. ಕೇಳ್ಕೊಂಡೇ ಬಂತು."

ಈ "ಕೇಳ್ಕೊಂಡೇ ಬಂತು" ಅನ್ನುವುದರ ಒಳಗೆ ನಮ್ಮ ಶಬ್ದದ ಪಾಠ ಪೂರ್ತಿ ಇದೆ, ನರಮಂಡಲದ ಪಾಠವೂ ಅರ್ಧ ಇದೆ. ಆದರೆ ಸ್ಟಾಫ್ ರೂಮಿನಲ್ಲಿ ನಾವು ಇದರ ಬಗ್ಗೆ ಆಡುವ ಮಾತು ಬೇರೆ. ಆ ಹುಡುಗನ ಬಗ್ಗೆ, "ಅವನಿಗೆ ರಕ್ತದಲ್ಲೇ ಬಂದಿದೆ, ಓದು ಮಾತ್ರ ಹತ್ತಲ್ಲ" ಅನ್ನುತ್ತೇವೆ. ಪ್ರಾರ್ಥನೆಯಲ್ಲಿ ಅಪಸ್ವರ ಎಳೆಯುವ ಇನ್ನೊಂದು ಮಗುವಿನ ಬಗ್ಗೆ, "ಇವಳಿಗೆ ಕಿವೀನೇ ಇಲ್ಲ, ಗುಂಪಿನಿಂದ ತೆಗೀರಿ" ಅನ್ನುತ್ತೇವೆ. ಎರಡೂ ವಿಜ್ಞಾನದ ಹೇಳಿಕೆಗಳೇ. ಆದ್ದರಿಂದ ಎರಡನ್ನೂ ಪರೀಕ್ಷೆ ಮಾಡಬೇಕಾದವರು ವಿಜ್ಞಾನ ಮೇಷ್ಟ್ರುಗಳಾದ ನಾವೇ.

ಕಿವಿ ಹಿಡಿಯುವುದು ಅನುಪಾತವನ್ನು

ಬೆಳಗಿನ ಪ್ರಾರ್ಥನೆಯಿಂದ ಶುರು ಮಾಡೋಣ. ನಮ್ಮ ಶಾಲೆಗಳಲ್ಲಿ ದಿನಾ ತಮಿಳ್ ತಾಯ್ ವಾಳ್ತ್ತು ಹಾಡುತ್ತಾರೆ. ಸೋಮವಾರ ಮುಂದೆ ನಿಂತ ಹುಡುಗಿಯ ಗಂಟಲು ತುಸು ಎತ್ತರ, ಮಂಗಳವಾರ ನಿಂತವಳದು ತುಸು ತಗ್ಗು. ಫೋನಿನಲ್ಲಿ ಆವೃತ್ತಿ ಅಳೆದರೆ ಎರಡು ದಿನದ ಹಾಡಿನಲ್ಲಿ ಒಂದು ಸ್ವರವೂ ತಾಳೆಯಾಗದೇ ಇರಬಹುದು. ಆದರೂ ಹಾಡು ಬದಲಾಯಿತು ಅಂತ ಯಾರೂ ಹೇಳುವುದಿಲ್ಲ, ಒಂದನೇ ತರಗತಿಯ ಮಗು ಕೂಡ ಹೇಳುವುದಿಲ್ಲ. ಹಾಗಾದರೆ ಹಾಡು ಅಂತ ನಾವು ನೆನಪಿಟ್ಟುಕೊಂಡಿರುವುದು ಏನನ್ನು?

ಬೋರ್ಡಿನ ಮೇಲೆ ಒಂದು ಸಾಲು ಬರೆಯಿರಿ. ಷಡ್ಜ 240 ಹರ್ಟ್ಜ್ ಆದರೆ ಶಂಕರಾಭರಣದ ಸ್ವರಗಳು 240, 270, 300, 320, 360, 400, 450, ಮೇಲಿನ ಷಡ್ಜ 480. ಕೆಳಗೆ ಇನ್ನೊಂದು ಸಾಲು, ಷಡ್ಜವನ್ನು 300ಕ್ಕೆ ಏರಿಸಿ: 300, 337.5, 375, 400, 450, 500, 562.5, 600. ಮಕ್ಕಳಿಗೆ ಭಾಗಿಸಲು ಹೇಳಿ. ಪಂಚಮವನ್ನು ಷಡ್ಜದಿಂದ ಭಾಗಿಸಿದರೆ ಎರಡು ಸಾಲಿನಲ್ಲೂ 3/2. ಗಾಂಧಾರಕ್ಕೆ 5/4, ಮಧ್ಯಮಕ್ಕೆ 4/3, ಮೇಲಿನ ಷಡ್ಜಕ್ಕೆ 2. ಸಂಖ್ಯೆ ಬದಲಾಯಿತು, ಅನುಪಾತ ಬದಲಾಗಲಿಲ್ಲ. ಇನ್ನೂ ಒಂದು ವಿಷಯವನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಹೇಳಬೇಡಿ: 400 ಹರ್ಟ್ಜ್ ಎರಡೂ ಸಾಲಿನಲ್ಲಿದೆ. ಮೇಲಿನ ಸಾಲಿನಲ್ಲಿ ಅದು ಧೈವತ, ಕೆಳಗಿನ ಸಾಲಿನಲ್ಲಿ ಮಧ್ಯಮ. ಊರಿನಲ್ಲಿ ಒಬ್ಬರೇ ಮನುಷ್ಯ ಒಬ್ಬರಿಗೆ ಮಾವ, ಇನ್ನೊಬ್ಬರಿಗೆ ಚಿಕ್ಕಪ್ಪ ಆಗುವ ಹಾಗೆ. ಯಾರಿಂದ ಲೆಕ್ಕ ಹಾಕುತ್ತೀರಿ ಅನ್ನುವುದರ ಮೇಲೆ ಹೆಸರು.

ಕಿವಿ ಅನುಪಾತಕ್ಕೆ ಒಲಿಯಲು ಒಳಗಿವಿಯ ರಚನೆಯೂ ಒಂದು ಕಾರಣ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾದ ಒಳಗೆ ಸುಮಾರು 35 ಮಿಲಿಮೀಟರ್ ಉದ್ದದ ಪೊರೆ ಇದೆ. ಎತ್ತರದ ಸ್ವರಕ್ಕೆ ಅದರ ಬುಡ ಹೆಚ್ಚು ಅಲುಗುತ್ತದೆ, ತಗ್ಗಿನ ಸ್ವರಕ್ಕೆ ತುದಿ. ಇದನ್ನು ತೋರಿಸಿಕೊಟ್ಟ ಬೆಕೆಷಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಆ ಪೊರೆಯ ಬಹುಭಾಗದಲ್ಲಿ ಆವೃತ್ತಿ ಎರಡರಷ್ಟಾದಾಗಲೆಲ್ಲ ಅಲುಗುವ ಜಾಗ ಹೆಚ್ಚುಕಡಿಮೆ ಒಂದೇ ದೂರ ಸರಿಯುತ್ತದೆ. 500ರಿಂದ 1000ಕ್ಕೆ ಹೋದರೂ ಅಷ್ಟೇ, 1000ದಿಂದ 2000ಕ್ಕೆ ಹೋದರೂ ಸುಮಾರು ಅಷ್ಟೇ. ಅಂದರೆ ಒಳಗಿವಿಯ ಅಳತೆಪಟ್ಟಿ ಕೂಡುವ ಲೆಕ್ಕದ್ದಲ್ಲ, ಗುಣಿಸುವ ಲೆಕ್ಕದ್ದು. ಹನ್ನೊಂದನೇ ತರಗತಿಯಲ್ಲಿ ಲಾಗರಿದಮ್ ಅಂದ ಕೂಡಲೇ ಹೆದರುವ ಮಗುವಿನ ಕಿವಿಯೊಳಗೆ ಹುಟ್ಟಿದಾಗಿನಿಂದ ಅದೇ ಕೆಲಸ ನಡೆದಿದೆ.

ಸ್ವರ ಕೇಳಿದ ಕೂಡಲೇ, ಹೋಲಿಸಲು ಬೇರೆ ಸ್ವರವಿಲ್ಲದೆ, ಅದರ ಹೆಸರು ಹೇಳಬಲ್ಲವರೂ ಇದ್ದಾರೆ. ಬಹಳ ಅಪರೂಪ. ಕೇಳಿ ನುಡಿಸುವುದಕ್ಕೆ ಆ ಶಕ್ತಿ ಬೇಕಾಗಿಲ್ಲ. ಬೇಕಾದದ್ದು ಷಡ್ಜ ಎಲ್ಲಿದೆ ಅಂತ ಗೊತ್ತಾಗುವುದು, ಅಲ್ಲಿಂದ ಉಳಿದದ್ದು ಎಷ್ಟು ದೂರ ಅಂತ ಗೊತ್ತಾಗುವುದು. ನಾದಸ್ವರದ ಮೇಳದಲ್ಲಿ ಒಬ್ಬರು ಒತ್ತು ಹಿಡಿದುಕೊಂಡು ಒಂದೇ ಸ್ವರ ಊದುತ್ತಾ ಇರುತ್ತಿದ್ದರಲ್ಲ (ಈಗ ಆ ಜಾಗಕ್ಕೆ ಶ್ರುತಿ ಪೆಟ್ಟಿಗೆ ಬಂದಿದೆ), ಅವರ ಕೆಲಸವೇ ಅದು. ನೋಡುವವರಿಗೆ ಅವರು ಸುಮ್ಮನೆ ಊದುತ್ತಿದ್ದಂತೆ ಕಾಣುತ್ತಿತ್ತು. ವಾಸ್ತವದಲ್ಲಿ ಅಳತೆಪಟ್ಟಿಯ ಸೊನ್ನೆಯನ್ನು ಹಿಡಿದುಕೊಂಡಿದ್ದವರು ಅವರೇ.

ತಂಬೂರಿ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ತಂತಿ ಮೀಟಿದರೆ ಮೂಲ ಆವೃತ್ತಿಯ ಜೊತೆ ಅದರ 2, 3, 4, 5 ಪಟ್ಟು ಆವೃತ್ತಿಗಳೂ ಹುಟ್ಟುತ್ತವೆ. ಮೂರನೆಯದು ಮೇಲಿನ ಸ್ಥಾಯಿಯ ಪಂಚಮ, ಐದನೆಯದು ಅದಕ್ಕೂ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಸಂಗೀತದವರು ಸ್ವಯಂಭೂ ಗಾಂಧಾರ ಅನ್ನುವುದು ಇದನ್ನೇ, ಯಾರೂ ಮೀಟದೆ ತಾನಾಗಿ ಕೇಳಿಸುವುದು. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ದಾರ ಈ ಉಪಸ್ವರಗಳನ್ನು ಎತ್ತಿ ಕೊಡುತ್ತದೆ. ಸಿ.ವಿ. ರಾಮನ್ ಅವರು ಬೆಳಕಿನ ಕೆಲಸಕ್ಕೆ ಹೆಸರಾಗುವ ಮೊದಲು ಈ ತಂತಿಯ ಮೇಲೂ ಕೆಲಸ ಮಾಡಿದ್ದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಹೀಗೆ ಸರಿಯಾದ ಪಟ್ಟಿನಲ್ಲಿ ಬರುವುದಿಲ್ಲ, ಆದ್ದರಿಂದ ಸದ್ದು ಮಾತ್ರ ಕೇಳಿಸುತ್ತದೆ, ಸ್ವರ ನಿಲ್ಲುವುದಿಲ್ಲ. ಮೃದಂಗದ ನಡುವೆ ಹಚ್ಚುವ ಕರಿ ಕರಣೆಯ ಭಾರದಿಂದ ಅವು ಪೂರ್ಣಸಂಖ್ಯೆಯ ಪಟ್ಟಿಗೆ ಬರುತ್ತವೆ ಎಂದು ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಆ ಕರಣೆಯನ್ನು ಕಿವಿಯಿಂದಲೇ ಪರೀಕ್ಷಿಸುತ್ತಾ ಪದರ ಪದರವಾಗಿ ಹಚ್ಚಿದ ಹಳೆಯ ಕೆಲಸಗಾರರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಅದು ಬೇರೆ ಮಾತು.

ಐದು ಕರಿ ಮನೆ

ತರಗತಿಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಹಾರ್ಮೋನಿಯಂ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಕೀಬೋರ್ಡ್ ಆ್ಯಪ್ ಸಾಕು. ಬಿಳಿ ಮನೆಗಳನ್ನು ಮರೆತುಬಿಡಿ. ಕರಿ ಮನೆಗಳು ಮೂರರ ಗುಂಪು, ಎರಡರ ಗುಂಪು ಆಗಿ ಇರುತ್ತವೆ. ಮೂರರ ಗುಂಪಿನ ಎಡತುದಿಯದನ್ನು ಷಡ್ಜ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಮೇಳದವರು ನಾಲ್ಕೂವರೆ ಕಟ್ಟೆ ಅನ್ನುವ ಮನೆ ಅದು. ಆ ಮೂರು ಮನೆ ಸ, ರಿ, ಗ. ಮುಂದಿನ ಎರಡು ಪ, ದ. ಆಮೇಲೆ ಮತ್ತೆ ಸ. ಇದು ಮೋಹನ ರಾಗ, ಐದೇ ಸ್ವರ. ಎಂ.ಎಸ್. ವಿಶ್ವನಾಥನ್ ಅವರು ತಮಿಳ್ ತಾಯ್ ವಾಳ್ತ್ತುವಿಗೆ ಆರಿಸಿಕೊಂಡದ್ದೂ ಮೋಹನವನ್ನೇ. ಆದ್ದರಿಂದ ಮಕ್ಕಳು ದಿನಾ ಹಾಡುವ ಹಾಡನ್ನು ಕರಿ ಮನೆಗಳ ಮೇಲೆಯೇ ಹುಡುಕಬಹುದು.

ಹುಡುಕಲು ಬಿಟ್ಟು ಸುಮ್ಮನೆ ನೋಡಿ. ಮೊದಲ ಸಲ ಹಾರ್ಮೋನಿಯಂ ಮುಟ್ಟುವ ಮಗು ಮೊದಲು ಹಿಡಿಯುವುದು ಸ್ವರವನ್ನಲ್ಲ, ಏರಿಳಿತವನ್ನು. ಇಲ್ಲಿ ಮೇಲೆ ಹೋಯಿತು, ಇಲ್ಲಿ ಕೆಳಗೆ ಬಂತು, ಇಲ್ಲಿ ಅಲ್ಲೇ ನಿಂತಿತು, ಅಷ್ಟು. ಎಷ್ಟು ಮೇಲೆ ಅನ್ನುವುದು ಆಮೇಲೆ. ತಪ್ಪು ಮನೆ ಒತ್ತಿದಾಗ ಮಗುವಿನ ಮುಖ ನೋಡಬೇಕು, ಯಾರೂ ಹೇಳುವ ಮೊದಲೇ ಅದಕ್ಕೆ ಗೊತ್ತಾಗಿರುತ್ತದೆ. ಇದು ದೊಡ್ಡ ವಿಷಯ. ಬೆರಳು ಒತ್ತುವ ಮೊದಲೇ ಮಿದುಳು "ಈಗ ಇಂಥ ಸ್ವರ ಬರಬೇಕು" ಅಂತ ಒಂದು ಊಹೆ ಮಾಡಿರುತ್ತದೆ. ಬಂದದ್ದು ಬೇರೆಯಾದರೆ ವ್ಯತ್ಯಾಸ ಗೊತ್ತಾಗುತ್ತದೆ, ಮುಂದಿನ ಸಲ ಬೆರಳು ಸರಿಯುತ್ತದೆ. ಪಕ್ಕದಲ್ಲಿ ಕೂತು "ಅದಲ್ಲ, ಇದು" ಅಂತ ಬೆರಳು ಹಿಡಿದು ಒತ್ತಿಸಿದರೆ ಈ ಚಕ್ರವನ್ನೇ ಕಿತ್ತುಕೊಂಡ ಹಾಗೆ. ಸ್ವಲ್ಪ ತಾಳ್ಮೆ ಬೇಕು. ಪೀರಿಯಡ್ 40 ನಿಮಿಷದ್ದು ಅಂತ ನನಗೂ ಗೊತ್ತು.

ಈ ಚಕ್ರದ ಬಗ್ಗೆ ಎರಡು ಅಧ್ಯಯನಗಳು ನಮಗೆ ಉಪಯೋಗಕ್ಕೆ ಬರುತ್ತವೆ. ಜರ್ಮನಿಯ ಬ್ಯಾಂಗರ್ಟ್ ಮತ್ತು ಆಲ್ಟನ್‌ಮ್ಯುಲರ್ 2003ರಲ್ಲಿ ಪ್ರಕಟಿಸಿದ್ದು ಒಂದು. ಪಿಯಾನೋ ಬಾರದವರಿಗೆ ಕೇಳಿದ್ದನ್ನು ಕೀಬೋರ್ಡಿನಲ್ಲಿ ನುಡಿಸುವ ಅಭ್ಯಾಸ ಕೊಟ್ಟು ಮಿದುಳಿನ ವಿದ್ಯುತ್ ಚಟುವಟಿಕೆ ಅಳೆದರು. ಮೊದಲ 20 ನಿಮಿಷದ ಅಭ್ಯಾಸದ ನಂತರವೇ, ಬರೀ ಕೇಳುವಾಗಲೂ ಕೈ ಆಡಿಸುವ ಭಾಗದಲ್ಲಿ ಚಟುವಟಿಕೆ ಕಾಣಲು ಶುರುವಾಯಿತು. ವಾರಗಳು ಕಳೆದಂತೆ ಅದು ಗಟ್ಟಿಯಾಯಿತು. ಇನ್ನೊಂದು ಗುಂಪಿಗೆ ಮನೆಗಳ ಸ್ವರಗಳನ್ನು ಮತ್ತೆ ಮತ್ತೆ ಕಲಸಿ ಕೊಟ್ಟರು, ಇವತ್ತು ಸ ಇದ್ದ ಕಡೆ ಇನ್ನೊಂದು ಸಲ ಪ. ಅವರಲ್ಲಿ ಆ ಜೋಡಣೆ ಹಾಗೆ ಬೆಳೆಯಲಿಲ್ಲ. ಎರಡನೆಯದು ಅಮೆರಿಕದ ಲಹಾವ್ ಮತ್ತು ಸಂಗಡಿಗರದು, 2007ರದು. ಸಂಗೀತ ಕಲಿಯದವರಿಗೆ ಒಂದು ಚಿಕ್ಕ ರಾಗವನ್ನು ಐದು ದಿನ ಕೇಳಿ ನುಡಿಸಲು ಕಲಿಸಿದರು. ಆಮೇಲೆ ಕೈ ಕದಲಿಸದೆ ಅದನ್ನು ಕೇಳಿಸಿದಾಗ ಚಲನೆಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತುಕೊಂಡವು. ಅಷ್ಟೇ ಚೆನ್ನಾಗಿ ಪರಿಚಯವಿದ್ದ, ಆದರೆ ತಾವು ನುಡಿಸಿರದ ರಾಗ ಕೇಳಿದಾಗ ಹಾಗಾಗಲಿಲ್ಲ.

ನಮ್ಮ ಹಿಂದಿನ ಬೆಂಚಿನ ಹುಡುಗ ಪಾಠದ ನಡುವೆ ಮೇಜಿನ ಮೇಲೆ ಬೆರಳಾಡಿಸುತ್ತಾನಲ್ಲ, ಅದನ್ನು ಈಗ ಬೇರೆ ಕಣ್ಣಿನಿಂದ ನೋಡಬಹುದು. ಅವನು ತೊಟ್ಟಿಲಿನಲ್ಲಿದ್ದಾಗಿನಿಂದ ಪಂಬೆ ಕೇಳಿದ್ದಾನೆ, ನಡೆಯಲು ಬಂದಾಗಿನಿಂದ ಡಬ್ಬ ಬಡಿದಿದ್ದಾನೆ, ಹತ್ತು ವರ್ಷ ತುಂಬುವಾಗ ಸಾವಿರಾರು ಗಂಟೆ ಆಗಿರುತ್ತದೆ. ಇಷ್ಟನ್ನೂ ಬಿಟ್ಟು "ರಕ್ತದಲ್ಲಿದೆ" ಅಂದರೆ ಅವನ ದುಡಿಮೆಯನ್ನು ಲೆಕ್ಕದಿಂದ ಹೊಡೆದುಹಾಕಿದ ಹಾಗೆ. ಅನುವಂಶೀಯತೆಗೆ ಪಾತ್ರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಸ್ವಲ್ಪ ಇದೆ. ಆದರೆ ಕೆಲವು ಜಾತಿಯ ಮಕ್ಕಳಿಗೆ ಮೇಳ ರಕ್ತದಲ್ಲಿದೆ, ಗಣಿತ ಇಲ್ಲ ಅಂತ ಅನ್ನುವಾಗ ನಾವು ಜೀವಶಾಸ್ತ್ರ ಮಾತಾಡುತ್ತಿರುವುದಿಲ್ಲ.

ಮೇಳದವರ ಕಲಿಕೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶ ಬಾಯಿ. ತವಿಲ್, ಮೃದಂಗ ಕಲಿಯುವವರು ತ ಕ ದಿ ಮಿ, ತ ರಿ ಕಿ ಟ ಅಂತ ಜತಿಯನ್ನು ಮೊದಲು ಬಾಯಲ್ಲಿ ಹೇಳುತ್ತಾರೆ, ಕೈ ಆಮೇಲೆ. ಕೇಳಿದ್ದು ನೇರ ಕೈಗೆ ಇಳಿಯುವುದು ಕಷ್ಟ; ನಡುವೆ ಬಾಯಿ ನಿಂತು ಉದ್ದದ ಸದ್ದನ್ನು ತುಂಡು ತುಂಡಾಗಿ ಮಾಡಿ ಒಪ್ಪಿಸುತ್ತದೆ. ರಾಗದ ವಾದ್ಯಕ್ಕೂ ಅಷ್ಟೇ, ಹಾಡಿದ್ದನ್ನು ನುಡಿಸುವುದು ಸುಲಭ. ಶಾಸ್ತ್ರೀಯದಲ್ಲೂ ಬರಹಕ್ಕೆ ಇರುವ ಶಕ್ತಿ ಕಡಿಮೆಯೇ. ಪುಸ್ತಕದಲ್ಲಿ ತೋಡಿಯ ಗಾಂಧಾರಕ್ಕೆ "ಗ" ಅಂತ ಒಂದೇ ಅಕ್ಷರ ಇರುತ್ತದೆ, ಅದು ಎಲ್ಲಿಂದ ಎಲ್ಲಿಗೆ ತೂಗಬೇಕು ಅನ್ನುವುದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು ಮಾತ್ರ. ಹಾರ್ಮೋನಿಯಂಗೆ ಆ ತೂಗಾಟ ಬಾರದು ಅನ್ನುವುದೂ ಅದರ ಮೇಲಿದ್ದ ಒಂದು ದೂರು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಹೊರಗಿಟ್ಟಾಗಲೂ ಕೂತ್ತಿನ ವೇದಿಕೆಯಲ್ಲಿ ಅದು ಬೆಳಗಿನ ಜಾವದ ತನಕ ನುಡಿಯುತ್ತಲೇ ಇತ್ತು, ವೇಷಧಾರಿಯ ಗಂಟಲು ಯಾವ ಕಟ್ಟೆಗೆ ಏರಿದರೂ ಹಿಂದೆಯೇ ಓಡುತ್ತಿತ್ತು. ಕಿವಿಯ ಅನುಪಾತದ ಲೆಕ್ಕಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಓದಿ ನುಡಿಸುವ ದಾರಿಯೇ ಮುಚ್ಚಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾ ಬಂದಿದ್ದಾರೆ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರು, ಮುಂದುವರಿಸಿದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಪುಟ್ಟರಾಜರು ಹಾಡುವುದರ ಜೊತೆ ಹಾರ್ಮೋನಿಯಂ, ತಬಲಾ, ಪಿಟೀಲು ಸೇರಿ ಹಲವು ವಾದ್ಯ ನುಡಿಸುತ್ತಿದ್ದರು. ಕೆನಡಾದಲ್ಲಿ ನಡೆದು 2004ರಲ್ಲಿ ನೇಚರ್‌ನಲ್ಲಿ ಬಂದ ಒಂದು ಅಧ್ಯಯನ, ತೀರಾ ಎಳವೆಯಲ್ಲಿ ದೃಷ್ಟಿ ಹೋದವರು ಸ್ವರ ಏರಿತೋ ಇಳಿಯಿತೋ ಅನ್ನುವುದನ್ನು ಕಣ್ಣಿದ್ದವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ ಎಂದು ತೋರಿಸಿತು. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಈ ಮೇಲುಗೈ ಕಾಣಲಿಲ್ಲ. ಎಳೆಯ ಮಿದುಳು ಕೆಲಸ ಕೊಟ್ಟ ಕಡೆ ಬೆಳೆಯುತ್ತದೆ.

"ಕಿವೀನೇ ಇಲ್ಲ" ಅನ್ನುವ ಮೊದಲು

ಇನ್ನು ಪ್ರಾರ್ಥನೆ ಗುಂಪಿನಿಂದ ಹೊರಗೆ ಬಂದ ಮಗುವಿನ ವಿಚಾರ. ಸ್ವರದ ವ್ಯತ್ಯಾಸ ಹುಟ್ಟಿನಿಂದಲೇ ತಿಳಿಯದ ಒಂದು ಸ್ಥಿತಿ ನಿಜವಾಗಿ ಇದೆ, ಆದರೆ ಅದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಉಳಿದ ಅಪಸ್ವರದವರಲ್ಲಿ ಹೆಚ್ಚಿನವರ ಕಿವಿ ಸರಿಯಾಗಿಯೇ ಇರುತ್ತದೆ, ಕೇಳಿದ ಎತ್ತರಕ್ಕೆ ಗಂಟಲನ್ನು ತಂದು ನಿಲ್ಲಿಸುವ ಅಭ್ಯಾಸ ಆಗಿರುವುದಿಲ್ಲ. ಅಂಥ ಮಗುವಿಗೆ ಎರಡು ಸ್ವರ ನುಡಿಸಿ ಯಾವುದು ಮೇಲೆ ಅಂತ ಕೇಳಿದರೆ ಸರಿಯಾಗಿ ಹೇಳಿಬಿಡುತ್ತದೆ. ಎಂಟು-ಒಂಬತ್ತನೇ ತರಗತಿಯ ಹುಡುಗರ ವಿಷಯದಲ್ಲಿ ಇನ್ನೂ ಒಂದು ಇದೆ. ಆ ವಯಸ್ಸಿನಲ್ಲಿ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೋದ ವರ್ಷ ಚೆನ್ನಾಗಿ ಹಾಡಿದವನು ಈ ವರ್ಷ ಕೆಟ್ಟರೆ ಅವನಿಗೆ ಸಿಕ್ಕಿರುವುದು ಹೊಸ ವಾದ್ಯ, ಅದನ್ನು ಪಳಗಿಸಲು ಸಮಯ ಬೇಕು.

ಆದರೆ ಎರಡು ಸ್ವರದ ಪರೀಕ್ಷೆಯಲ್ಲೂ ಮಗು ತಡವರಿಸಿದರೆ, ಪಾಠದಲ್ಲೂ "ಏನು ಸಾರ್?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರೆ, ಸಂಗೀತದ ಮಾತು ಬಿಟ್ಟು ಕಿವಿಯನ್ನೇ ನೋಡಿಸಬೇಕು. ನೆಗಡಿ ಹಿಂದೆ ನೆಗಡಿ ಬಂದು ಕಿವಿ ಸೋರುವುದು ಮಕ್ಕಳಲ್ಲಿ ಸಾಮಾನ್ಯ ಕಾರಣ, ಚಿಕಿತ್ಸೆಯೂ ಇದೆ.

ನಮ್ಮ ಕಡೆ ಇನ್ನೊಂದು ಕಾರಣವನ್ನೂ ಮರೆಯುವಂತಿಲ್ಲ, ಮಗ್ಗ. ಜಲಕಂಠಾಪುರಂ, ಇಳಂಪಿಳ್ಳೈ, ತಾರಮಂಗಲಂ, ಎಡಪ್ಪಾಡಿ ಸುತ್ತ ಪವರ್‌ಲೂಮ್ ಇರುವ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ದೇವಾಂಗ ಮನೆಗಳಲ್ಲಿ ಮಾತು ಕನ್ನಡ, ಆದರೆ ಮಗ್ಗ ಓಡುವಾಗ ಯಾವ ಭಾಷೆಯೂ ಕೇಳಿಸದು. ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ದಿನಕ್ಕೆ 8 ಗಂಟೆಗೆ 85 ಡೆಸಿಬಲ್ ಮಿತಿ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗಬೇಕು ಅನ್ನುವ ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಿ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ. ಮೀಟರ್ ಇಲ್ಲದಿದ್ದರೆ ಒಂದು ಅಂದಾಜು: ಒಂದು ತೋಳಿನಷ್ಟು ದೂರದಲ್ಲಿರುವವರಿಗೆ ಕೂಗಿ ಹೇಳಬೇಕಾದರೆ ಮಿತಿ ದಾಟಿದೆ. ಪಂಬೆ, ತವಿಲ್ ಪಕ್ಕ ರಾತ್ರಿಯೆಲ್ಲ ನಿಲ್ಲುವ ಹುಡುಗರಿಗೂ, ಹಬ್ಬದ ಸ್ಪೀಕರ್ ಬಾಕ್ಸಿನ ಮುಂದೆ ಕುಣಿಯುವವರಿಗೂ ಇದೇ ಲೆಕ್ಕ. ಕಾಕ್ಲಿಯಾದ ಕೂದಲ ಕೋಶಗಳು ಒಂದು ಕಿವಿಗೆ ಹದಿನೈದು ಸಾವಿರದಷ್ಟು ಮಾತ್ರ. ಮನುಷ್ಯರಲ್ಲಿ ಹೋದವು ಮತ್ತೆ ಹುಟ್ಟುವುದಿಲ್ಲ.

ಸದ್ದಿನಿಂದ ಹೋಗುವ ಕಿವಿ ಮೊದಲು ಹೋಗುವುದು 4000 ಹರ್ಟ್ಜ್ ಸುತ್ತ. ಹಾಡಿನ ಮೂಲಸ್ವರಗಳು ಬಹುತೇಕ 1000ದ ಕೆಳಗೇ ಇರುವುದರಿಂದ ರಾಗ ಕೇಳಿಸುತ್ತಲೇ ಇರುತ್ತದೆ, ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಸ, ಶ, ತ ಇಂಥ ವ್ಯಂಜನಗಳು ಕಲಸಿಹೋಗುತ್ತವೆ. ಉಕ್ತಲೇಖನದಲ್ಲಿ ಇವೇ ಅಕ್ಷರಗಳನ್ನು ತಪ್ಪುವ ಮಗುವನ್ನು ಬೈಯುವ ಮೊದಲು ಒಮ್ಮೆ ಪಿಸುಮಾತಿನ ಪರೀಕ್ಷೆ ಮಾಡಿ. ಸದ್ದಿಲ್ಲದ ಕೋಣೆಯಲ್ಲಿ ಮಗುವಿನ ಹಿಂದೆ ಒಂದು ತೋಳಿನ ದೂರ ನಿಂತು, ಅದರ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಸಿ, ಮೂರು ಅಂಕಿ-ಅಕ್ಷರಗಳನ್ನು ಪಿಸುಗುಟ್ಟಿ ತಿರುಗಿ ಹೇಳಿಸಿ. ಆಮೇಲೆ ಇನ್ನೊಂದು ಕಿವಿ. ಇದು ರೋಗನಿರ್ಣಯವಲ್ಲ, ಆದರೆ ಯಾರನ್ನು ಕಳಿಸಬೇಕು ಅಂತ ತಿಳಿಯಲು ಸಾಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಶ್ರವಣ ದೋಷವೂ ಸೇರಿದೆ. ಆ ತಂಡ ಶಾಲೆಗೆ ಬಂದ ದಿನ ಇಂಥ ಮಕ್ಕಳ ಹೆಸರನ್ನು ಮೊದಲೇ ಬರೆದು ಕೈಗೆ ಕೊಡಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಸೇಲಂ ಅಥವಾ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಚೀಟಿ ಬರೆದು ತಂದೆತಾಯಿಯ ಜೊತೆ ಕಳಿಸಿ.